ಕಟ್ಟೆಯ ಮೇಲಿನ ಕಸಿ ಚಾಕು

ನಾನೊಂದು ಚಾಕು ಕದ್ದೆ. ಅದು ಸಣ್ಣ ತಪ್ಪು. ಅದೇ ಸಂಜೆ ಒಂದು ಸುಳ್ಳು ಹೇಳಿದೆ — ಅದು ದೊಡ್ಡದು. ಆ ಸುಳ್ಳಿನಿಂದ ಒಂದೇ ತಾಯಿಯ ಇಬ್ಬರು ಮಕ್ಕಳು ಇಪ್ಪತ್ತು ವರ್ಷಕ್ಕೂ ಮೀರಿ ಮಾತು ಬಿಟ್ಟರು. ಅವರಲ್ಲಿ ದೊಡ್ಡವರು ಹೋದ ಮಳೆಗಾಲದಲ್ಲಿ ತೀರಿಕೊಂಡರು. ನಿಜ ಹೇಳಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದ ಮೇಷ್ಟ್ರು ನಾನು. ಆ ಪಾಠ ಕೇಳಿದವರು ಯಾರಾದರೂ ಇದನ್ನು ಓದುವುದಾದರೆ ಓದಲಿ.

ನನಗೆ ಹಳೆಯ ಮಡಚು ಚಾಕುಗಳ ಹುಚ್ಚು. ಜೇಬಿನಲ್ಲಿ ಇಟ್ಟುಕೊಳ್ಳುವಂಥವು — ಕೊಂಬಿನ ಹಿಡಿಯವು, ಮೂಳೆ ಹಿಡಿಯವು, ಹಿತ್ತಾಳೆ ಪಟ್ಟಿ ಹೊಡೆದವು, ಉಡಿದಾರಕ್ಕೆ ಕಟ್ಟಿಕೊಳ್ಳಲು ತುದಿಯಲ್ಲೊಂದು ಬಳೆ ಇರುವಂಥವು. ಬೇರೆಯವರು ಭಾನುವಾರ ಸಿನಿಮಾಕ್ಕೆ ಹೋದರೆ ನಾನು ಚಿಂತಾಮಣಿಯ ಗುಜರಿ ಅಂಗಡಿಗಳಲ್ಲಿ ಬೀಗ, ಕತ್ತರಿ, ಸೌಟುಗಳ ರಾಶಿ ಕೆದಕುತ್ತ ಕೂರುತ್ತಿದ್ದೆ. ಕೈಯೆಲ್ಲ ತುಕ್ಕು ಮಾಡಿಕೊಂಡು ಮನೆಗೆ ಬಂದರೆ ಹೆಂಡತಿ ಸೋಪು ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದಳು. ಸೀಮೆಎಣ್ಣೆಯಲ್ಲಿ ನೆನೆಸಿ, ಹಳೆಯ ಬ್ರಷ್ಷಿನಲ್ಲಿ ಉಜ್ಜಿ, ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಟ್ಟು, ಅಲಗನ್ನು ಉಗುರಿನಿಂದ ಎಬ್ಬಿಸಬೇಕು. ಎಷ್ಟೋ ವರ್ಷ ಮುಚ್ಚಿಕೊಂಡಿದ್ದ ಅಲಗು ‘ಟಕ್’ ಎಂದು ತೆರೆದುಕೊಳ್ಳುವ ಆ ಸದ್ದು — ಅದಕ್ಕಾಗಿ ಎಷ್ಟು ದೂರ ಬೇಕಾದರೂ ಹೋಗುತ್ತಿದ್ದೆ. ಅಲಗಿನ ಬುಡದಲ್ಲಿ ಅದನ್ನು ಮಾಡಿದವರ ಅಚ್ಚು ಇರುತ್ತದೆ. ಭೂತಗನ್ನಡಿ ಹಿಡಿದು ಅದನ್ನು ಓದುವ ಹೊತ್ತಿನಲ್ಲಿ ಯಾರು ಕರೆದರೂ ನನಗೆ ಕೇಳಿಸುತ್ತಿರಲಿಲ್ಲ. ಹೀಗೆ ಕೂಡಿಸಿದವು ಅರವತ್ತಕ್ಕೂ ಹೆಚ್ಚಿವೆ. ಎಲ್ಲವೂ ನ್ಯಾಯವಾಗಿ ಬಂದವು, ಒಂದನ್ನು ಬಿಟ್ಟು.

ಆಗ ನಾನು ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹೆಂಡತಿಯ ಕೆಲಸ ಚಿಕ್ಕಬಳ್ಳಾಪುರದಲ್ಲಿ. ಶನಿವಾರ ಅಲ್ಲಿಗೆ ಹೋಗಿ ಸೋಮವಾರ ಬರುತ್ತಿದ್ದೆ. ವಾರವೆಲ್ಲ ಒಂದು ಒಕ್ಕಲು ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗೆ ಇರುತ್ತಿದ್ದೆ. ಬಾಡಿಗೆ ಎಂಬುದು ಹೆಸರಿಗೆ ಮಾತ್ರ. ಎರಡು ಹೊತ್ತೂ ಮುದ್ದೆ ಅವರ ಮನೆಯದೇ. ತಾಯಿ ಗಂಗಮ್ಮ, ದೊಡ್ಡ ಮಗ ರಾಮಕೃಷ್ಣಪ್ಪ, ಅವರ ಹೆಂಡತಿ ಮಕ್ಕಳು, ಇನ್ನೂ ಮದುವೆಯಾಗದ ಚಿಕ್ಕ ಮಗ ನಾರಾಯಣಸ್ವಾಮಿ — ಇಷ್ಟು ಜನ. ಹಿಪ್ಪುನೇರಳೆ ಇತ್ತು, ರೇಷ್ಮೆಹುಳು ಸಾಕುತ್ತಿದ್ದರು. ಆದರೆ ಸುತ್ತಲ ಹಳ್ಳಿಗಳಲ್ಲಿ ಆ ಮನೆಗೆ ಹೆಸರು ತಂದದ್ದು ಮಾವಿನ ಕಸಿ. ತೀರಿಹೋದ ತಂದೆ ನಾಟಿ ಸಸಿಗೆ ಬಾದಾಮಿ, ರಸಪುರಿ ಕಡ್ಡಿ ಕಟ್ಟುವುದರಲ್ಲಿ ಎತ್ತಿದ ಕೈ. ಆ ಕೈಗುಣ ನಾರಾಯಣಸ್ವಾಮಿಗೆ ಬಂದಿತ್ತು. ಅವನು ಕಟ್ಟಿದ ಹತ್ತರಲ್ಲಿ ಒಂಬತ್ತು ಚಿಗುರುತ್ತಿದ್ದವು.

ಅವರು ಕಸಿಗೆ ಬಳಸುತ್ತಿದ್ದದ್ದು ತಂದೆಯ ಚಾಕುವನ್ನೇ. ತಂದೆ ಹರೆಯದಲ್ಲಿ ನಂದಿ ಕಡೆಯ ಯಾವುದೋ ತೋಟದಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಯಜಮಾನ ಕೊಟ್ಟದ್ದಂತೆ. ಜಿಂಕೆ ಕೊಂಬಿನ ಹಿಡಿ, ಬೆರಳು ಕೂರುವ ಕಡೆಯೆಲ್ಲ ಸವೆದು ನುಣ್ಣಗಾಗಿತ್ತು. ಎರಡು ಅಲಗು. ಅಗಲದ್ದು ಕಡ್ಡಿ ಓರೆಯಾಗಿ ಕೊಯ್ಯಲು. ಇನ್ನೊಂದು ಮೊನೆಯಿಲ್ಲದ್ದು, ಸಿಪ್ಪೆ ಎಬ್ಬಿಸಲು. ಅಂಥದ್ದನ್ನು ನಾನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಒಮ್ಮೆ ನಾಚಿಕೆ ಬಿಟ್ಟು ಕೇಳಿಯೂಬಿಟ್ಟೆ. ರಾಮಕೃಷ್ಣಪ್ಪ ಬೇಜಾರು ಮಾಡಿಕೊಳ್ಳದೆ ನಕ್ಕರು.

“ಬೇರೆ ಏನಾರ ಕೇಳಿ ಮೇಷ್ಟ್ರೇ, ಕೊಡ್ತೀನಿ. ಅದು ನಮ್ಮಪ್ಪನ ಕೈ ಇದ್ದಂಗೆ.”

ಸರಿ ಎಂದು ಸುಮ್ಮನಾದೆ. ಅಂದರೆ ಬಾಯಿ ಸುಮ್ಮನಾಯಿತು. ಅವರು ತೋಟಕ್ಕೆ ಹೊರಟಾಗಲೆಲ್ಲ ನನ್ನ ಕಣ್ಣು ಅವರ ಸೊಂಟದ ಕಡೆಗೇ ಹೋಗುತ್ತಿತ್ತು.

ಆ ವರ್ಷ ಮನೆಯಲ್ಲಿ ಪಾಲಿನ ಮಾತು ಸಣ್ಣಗೆ ಶುರುವಾಗಿತ್ತು. ಜಗಳವೇನೂ ಇರಲಿಲ್ಲ, ಚಿಕ್ಕವನಿಗೆ ಹೆಣ್ಣು ನೋಡುತ್ತಿದ್ದರು, ಹೆಣ್ಣಿನ ಕಡೆಯವರು ಕೇಳುತ್ತಾರಲ್ಲ. ನೆಲ, ದನ, ಹುಳುಮನೆ ಎಲ್ಲಕ್ಕೂ ಅಣ್ಣತಮ್ಮಂದಿರು ಕೂತು ಒಪ್ಪಿಕೊಂಡಿದ್ದರು. ಚಾಕುವಿನ ಮಾತನ್ನು ಮಾತ್ರ ಇಬ್ಬರೂ ಎತ್ತಿರಲಿಲ್ಲ. ಅದು ಯಾರ ಕೈಗೆ ಹೋಗುತ್ತದೋ ಅವರನ್ನೇ ಊರು ಕಸಿಗೆ ಕರೆಯುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಮಳೆ ಹಿಡಿದ ಮೇಲೆ ಕಸಿ ಕಟ್ಟುವ ದಿನಗಳು. ಒಂದು ಮಧ್ಯಾಹ್ನ ಶಾಲೆಗೆ ರಜೆ ಇತ್ತು, ನಾನೂ ತೋಟಕ್ಕೆ ಹೋಗಿದ್ದೆ. ನಾರಾಯಣಸ್ವಾಮಿ ಕಡ್ಡಿ ಕೊಯ್ದು ಕೂರಿಸುವುದು, ಅಣ್ಣ ಪ್ಲಾಸ್ಟಿಕ್ ಪಟ್ಟಿ ಸುತ್ತುವುದು — ಕೆಲಸ ಹಾಗೆ ನಡೆದಿತ್ತು. ಕೊನೆಯ ಸಸಿಯ ಹೊತ್ತಿಗೆ, ಪಟ್ಟಿ ಕತ್ತರಿಸಲು ಅಣ್ಣ ಚಾಕು ಕೇಳಿದರು. ಚಾಕು, ಕತ್ತರಿ, ಕುಡುಗೋಲು ಯಾವುದನ್ನೂ ನಮ್ಮ ಕಡೆ ಕೈಯಿಂದ ಕೈಗೆ ಕೊಡುವುದಿಲ್ಲ. ಒಬ್ಬರು ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಕೈಗೆ ಕೊಟ್ಟರೆ ಆ ಇಬ್ಬರಿಗೂ ಜಗಳವಾಗುತ್ತದಂತೆ. ನಾರಾಯಣಸ್ವಾಮಿಯ ಕೈಯಲ್ಲಿ ಕೊಯ್ದ ಕಡ್ಡಿ ಇತ್ತು, ಒಣಗಿದರೆ ಕೆಡುತ್ತದೆ; ಅವಸರದಲ್ಲಿ ಚಾಕುವನ್ನು ನೇರವಾಗಿ ಅಣ್ಣನ ಅಂಗೈಗೇ ಇಟ್ಟ. ಸೊಪ್ಪು ಕೀಳುತ್ತಿದ್ದ ಗಂಗಮ್ಮ ಅಲ್ಲಿಂದಲೇ ನೋಡಿದರು.

“ಕೆಳಿಕ್ಕಿಡೋ ನಾಯನಾ. ಕೈಗ್ಯಾಕೆ ಕೊಡ್ತೀಯ?”

“ಹೋಗ್ಲಿ ಬಿಡಮ್ಮಾ, ಕೊಟ್ಟಾಯ್ತು,” ಎಂದ ನಾರಾಯಣಸ್ವಾಮಿ. ನಾನು ಸುಮ್ಮನಿರಬೇಕಲ್ಲ? ಅದೆಲ್ಲ ಮೂಢನಂಬಿಕೆ, ಕಬ್ಬಿಣಕ್ಕೆ ಜಗಳ ಗೊತ್ತಿಲ್ಲ ಎಂದು ತರಗತಿಯಲ್ಲಿ ಹೇಳುವ ಧಾಟಿಯಲ್ಲಿ ಹೇಳಿದೆ. ಅಣ್ಣತಮ್ಮ ಇಬ್ಬರೂ ನಕ್ಕರು.

ಸಂಜೆಗೆ ಕೆಲಸ ಮುಗಿಯಿತು. ಗಂಗಮ್ಮ ಸೊಪ್ಪಿನ ಹೊರೆ ಹೊತ್ತು ಮೊದಲೇ ಹೋಗಿದ್ದರು. ರಾಮಕೃಷ್ಣಪ್ಪ ಚಾಕುವನ್ನು ಒರೆಸಿ, ಮಡಚಿ, ಪಂಪ್‌ಹೌಸಿನ ಕಟ್ಟೆಯ ಮೇಲಿಟ್ಟು ಕೈಕಾಲು ತೊಳೆದರು. ಹುಳುಗಳಿಗೆ ಸೊಪ್ಪು ಹಾಕುವ ಹೊತ್ತಾಯಿತೆಂದು ಚಾಕು ಮರೆತು ಹೊರಟೇಬಿಟ್ಟರು. ನಾರಾಯಣಸ್ವಾಮಿ ಕಟ್ಟಿದ ಸಸಿಗಳನ್ನು ನೆರಳಿಗೆ ಸಾಗಿಸುತ್ತ ತೋಟದ ಆ ತುದಿಯಲ್ಲಿದ್ದ. ಕಟ್ಟೆಯ ಹತ್ತಿರ ನಾನೊಬ್ಬನೇ.

ನೋಡಲು ಎತ್ತಿಕೊಂಡೆ. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡದ್ದು ಅದನ್ನೇ — ನೋಡಲು. ಬುಡದ ಅಚ್ಚನ್ನು ಕೋಣೆಗೆ ಹೋಗಿ ಭೂತಗನ್ನಡಿಯಲ್ಲಿ ಓದಿ, ಕೊಟ್ಟುಬಿಡುವುದು. ಆದರೆ ನೋಡಲು ಎತ್ತಿಕೊಂಡವನು ಸುತ್ತ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡುವುದಿಲ್ಲ. ನಾನು ನೋಡಿದೆ. ಆಮೇಲೆ ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.

ಅಚ್ಚು ಓದುವಷ್ಟು ಹೊತ್ತೂ ಸಿಗಲಿಲ್ಲ. ನಾರಾಯಣಸ್ವಾಮಿ ಬರಿಗೈಯಲ್ಲಿ ಬಂದದ್ದು ನೋಡಿ ಅಣ್ಣ ಚಾಕುವೆಲ್ಲಿ ಎಂದರು.

“ನಿನ್ ಕೈಗೇ ಕೊಟ್ನಲ್ಲಣ್ಣ.”

“ಕೊಟ್ಟೆ, ಸರಿ. ನಾನು ಕಟ್ಟೆ ಮ್ಯಾಲೆ ಮಡಗಿ ಬಂದೆ. ಕಡೇಲಿ ಬಂದೋನು ನೀನಲ್ವಾ?”

“ನಾನು ಕಟ್ಟೆ ತಾವ ಹೋಗೇ ಇಲ್ಲ.”

ನಾನು ಜಗುಲಿಯ ಮೇಲೆ ಕೂತಿದ್ದೆ. ಕೈ ಜೇಬಿನಲ್ಲಿತ್ತು, ಬೆರಳು ಕೊಂಬಿನ ಹಿಡಿಯ ಮೇಲಿತ್ತು. ಹೊರಗೆ ತೆಗೆದು ‘ಇಲ್ಲಿದೆ, ನೋಡಲು ತಂದೆ’ ಎಂದಿದ್ದರೆ ಎಲ್ಲರೂ ನನ್ನ ಹುಚ್ಚನ್ನು ಆಡಿಕೊಂಡು ನಕ್ಕು ಊಟಕ್ಕೆ ಏಳುತ್ತಿದ್ದರು. ಅಷ್ಟೇ ಆಗುತ್ತಿದ್ದದ್ದು. ಮೇಷ್ಟ್ರು ಕೇಳದೆ ಎತ್ತಿಕೊಂಡು ಬಂದರು ಎಂಬ ಮಾತು ಬರುತ್ತದಲ್ಲ ಎಂದು ಒಂದು ಗಳಿಗೆ ಅಳುಕಿದೆ. ಆ ಗಳಿಗೆಯಲ್ಲೇ ರಾಮಕೃಷ್ಣಪ್ಪ ನನ್ನ ಕಡೆ ತಿರುಗಿದರು.

“ಮೇಷ್ಟ್ರೇ, ನೀವು ಬರುವಾಗ ಚಾಕು ಕಟ್ಟೆ ಮ್ಯಾಲಿತ್ತಾ?”

“ಇತ್ತು,” ಎಂದೆ.

ನಾನು ಬರುವಾಗ ಚಾಕು ಕಟ್ಟೆಯ ಮೇಲಿತ್ತು ಎಂದರೆ, ನನ್ನ ಹಿಂದೆ ಉಳಿದವನೇ ತೆಗೆದಿರಬೇಕು. ನಾನು ಹೆಸರು ಹೇಳಲಿಲ್ಲ, ಬೆರಳು ತೋರಿಸಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ನಾರಾಯಣಸ್ವಾಮಿ ನನ್ನ ಮುಖ ನೋಡಿದ. ಅನುಮಾನದಿಂದ ನೋಡಲಿಲ್ಲ — ಅದೇ ನನ್ನನ್ನು ಇಂದಿಗೂ ಸುಡುವುದು — ಮೇಷ್ಟ್ರು ಇತ್ತು ಎಂದರೆ ಇದ್ದೇ ಇರುತ್ತದೆ, ಹಾಗಾದರೆ ತನ್ನ ಕಣ್ಣಿಗೇಕೆ ಬೀಳಲಿಲ್ಲ ಎಂದು ಯೋಚಿಸುವವನ ಹಾಗೆ ನೋಡಿದ.

ಮರುದಿನ ಬೆಳಿಗ್ಗೆ ಇಡೀ ತೋಟ ಜಾಲಾಡಿದರು. ನಾನೂ ಅವರ ಜೊತೆ ಬಗ್ಗಿ ಬಗ್ಗಿ ಹುಡುಕಿದೆ. ಎಲ್ಲಾದರೂ ಹುಲ್ಲಿನಲ್ಲಿ ಬೀಳಿಸಿಬಿಡಬಹುದಿತ್ತು. ಹಾಗೆ ಸಿಕ್ಕರೆ ತಮ್ಮ ಹೆದರಿ ತಂದು ಹಾಕಿದ ಎನ್ನುತ್ತಾರೆ, ಅವನಿಗೆ ಇನ್ನೂ ಕೆಟ್ಟ ಹೆಸರು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಬಿಡಲು ಮನಸ್ಸು ಬರಲಿಲ್ಲ.

ಪಾಲಿಗೆ ಬರಬಾರದೆಂದು ತಮ್ಮ ಬಚ್ಚಿಟ್ಟ ಎಂಬುದು ಅಣ್ಣನ ಮನಸ್ಸಿನಲ್ಲಿ ಬೇರೂರಿತು. ಕಳ್ಳ ಎನ್ನಿಸಿಕೊಂಡು ಒಂದೇ ಮನೆಯಲ್ಲಿ ಇರಲಾರೆ ಎಂದು ತಮ್ಮ. ಆ ವರ್ಷವೇ ಮನೆ ಎರಡಾಯಿತು, ಅಂಗಳದಲ್ಲಿ ಗೋಡೆ ಎದ್ದಿತು. ಗಂಗಮ್ಮ ಮಾತ್ರ ಇಬ್ಬರನ್ನೂ ದೂರಲಿಲ್ಲ. ಚಾಕು ಕೈಗೆ ಕೊಟ್ಟದ್ದೇ ಎಲ್ಲಕ್ಕೂ ಕಾರಣ ಎಂದು ಬಂದವರಿಗೆಲ್ಲ ಹೇಳಿಕೊಂಡು ಅಳುತ್ತಿದ್ದರು. ಒಂದು ದಿನ ನನ್ನನ್ನೂ ಕೇಳಿದರು: “ನೀವು ಓದ್ದೋರು, ನೀವೇ ಹೇಳಿ. ಅದುಕ್ಕೇ ತಾನೇ ಹಿಂಗಾಗಿದ್ದು?”

“ಇರಬಹುದಮ್ಮ,” ಎಂದೆ. ಅಂಥ ಮಾತಿಗೆ ನಾನು ಜೀವನದಲ್ಲಿ ತಲೆಯಾಡಿಸಿದ್ದು ಅದೊಂದೇ ಸಲ. ಮೂಢನಂಬಿಕೆಯ ಹಿಂದೆ ಅಡಗಿ ಕೂರುವುದು ಎಷ್ಟು ಸುಖ ಎಂದು ವಿಜ್ಞಾನದ ಮೇಷ್ಟ್ರಿಗೆ ಅವತ್ತು ತಿಳಿಯಿತು. ತಾಯಿಯ ಮಾತನ್ನು ಕೇಳಿ ಕೇಳಿ ನಾರಾಯಣಸ್ವಾಮಿಯೂ ನಂಬಿಬಿಟ್ಟ. ಕಳ್ಳತನ ತನ್ನದಲ್ಲ, ಆದರೆ ತಪ್ಪು ತನ್ನದೇ ಎಂದು. ಮತ್ತೆ ಕಸಿಯ ಚಾಕು ಮುಟ್ಟಲಿಲ್ಲ. ಆ ಕೈಗುಣ ಇಟ್ಟುಕೊಂಡು ಶಿಡ್ಲಘಟ್ಟಕ್ಕೆ ಹೋಗಿ, ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತಿರ ಚೀಲ, ಹಗ್ಗ ಮಾರುವ ಸಣ್ಣ ಅಂಗಡಿ ಇಟ್ಟ. ಗಂಗಮ್ಮ ಸತ್ತಾಗ ಅಣ್ಣತಮ್ಮ ಹೆಣದ ಆಚೆ ಈಚೆ ನಿಂತಿದ್ದರು. ನಾನು ಹಾರ ಹಾಕಿ ಬಂದೆ.

ನನಗೆ ವರ್ಗವಾಯಿತು, ನಿವೃತ್ತಿಯೂ ಆಯಿತು. ಚಿಕ್ಕಬಳ್ಳಾಪುರದ ಮನೆಗೆ ಚಾಕು ನೋಡಲು ಜನ ಬರುತ್ತಾರೆ, ಫೋನಿನಲ್ಲಿ ಫೋಟೊ ಹಿಡಿಯುತ್ತಾರೆ. ಇರುವುದರಲ್ಲೆಲ್ಲ ಶ್ರೇಷ್ಠವಾದ ಆ ಒಂದನ್ನು ನಾನು ಯಾರಿಗೂ ತೋರಿಸುವ ಹಾಗಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳ ಟ್ರಂಕಿನಲ್ಲಿ, ಬಟ್ಟೆ ಸುತ್ತಿ ಇಟ್ಟಿದ್ದೆ. ವರ್ಷಕ್ಕೊಂದು ಸಲ ಎಣ್ಣೆ ಹಚ್ಚುವಾಗ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಇಷ್ಟೇ ಆಗಿದ್ದರೆ — ಇಲ್ಲ, ಇನ್ನೂ ಇದೆ.

ಹೋದ ವರ್ಷ ಬೇಸಿಗೆಯಲ್ಲಿ ರಾಮಕೃಷ್ಣಪ್ಪ ನಮ್ಮ ಮನೆ ಹುಡುಕಿಕೊಂಡು ಬಂದರು. ಆಸ್ಪತ್ರೆಗೆ ಬಂದಿದ್ದರಂತೆ. ಬಹಳ ಇಳಿದುಹೋಗಿದ್ದರು. ಟ್ರಂಕು ಅವರು ಕೂತ ಕುರ್ಚಿಯ ಹಿಂದೆಯೇ ಇತ್ತು. ಅದೂ ಇದೂ ಮಾತಾಡಿ, ಹೊರಡುವ ಮುಂಚೆ ಹೇಳಿದರು:

“ಮೇಷ್ಟ್ರೇ, ನಾಣಿ ನಿಮ್ ಮಾತು ಕೇಳ್ತಾನೆ. ಚಾಕು ಕೊಡೋದು ಬ್ಯಾಡ. ಹ್ಞೂ ಅಣ್ಣ, ನಾನೇ ತಗೊಂಡಿದ್ದೆ ಅಂತ ಒಂದ್ ಮಾತು ಅಂದ್ರೆ ಸಾಕು. ನಾನೇ ಅವನ ಮನೆಗೆ ಹೋಗ್ತೀನಿ. ಹೇಳ್ತೀರಾ?”

“ಹೇಳ್ತೀನಿ,” ಎಂದೆ.

ಹೇಳಲಿಲ್ಲ. ಹೇಗೆ ಹೇಳಲಿ? ತೆಗೆದುಕೊಳ್ಳದವನ ಬಾಯಲ್ಲಿ ತೆಗೆದುಕೊಂಡೆ ಅನ್ನಿಸಲು ಹೋದರೆ ಅವನು ನನ್ನ ಕಣ್ಣನ್ನೇ ನೋಡುತ್ತಾನೆ. ಇನ್ನೊಂದು ದಾರಿ ಇತ್ತು, ಎದುರು ಕೂತವರಿಗೆ ಅಲ್ಲೇ ಟ್ರಂಕು ತೆಗೆದು ತೋರಿಸುವುದು. ಅದಕ್ಕೂ ಕೈ ಏಳಲಿಲ್ಲ. ನಾಳೆ, ಮುಂದಿನ ವಾರ ಎನ್ನುತ್ತ ಮಳೆಗಾಲ ಬಂತು, ಸುದ್ದಿಯೂ ಬಂತು.

ಈ ತಿಂಗಳು ಚಾಕು ಜೇಬಿಗೆ ಹಾಕಿಕೊಂಡು ಶಿಡ್ಲಘಟ್ಟಕ್ಕೆ ಹೋದೆ. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ನಾರಾಯಣಸ್ವಾಮಿ ಸ್ಟೂಲು ಒರೆಸಿ ಕೂರಿಸಿದ, ಟೀ ತರಿಸಿದ. ಚೀಲಗಳ ಮೇಲೆ ಚಾಕು ಇಟ್ಟು ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ, ಚಾಕುವನ್ನು ಮುಟ್ಟಲೂ ಇಲ್ಲ. ಅಣ್ಣ ನನ್ನ ಮನೆಗೆ ಬಂದಿದ್ದ ಮಾತು ಬಂದಾಗ ಮಾತ್ರ ತಲೆಯೆತ್ತಿದ.

“ಅವನೇ ನಮ್ಮನೆಗೆ ಬರ್ತೀನಿ ಅಂದಿದ್ನಾ?”

“ಅಂದಿದ್ದರು.”

“ನಾನು ಹ್ಞೂ ಅಂದುಬಿಡ್ತಿದ್ದೆ ಮೇಷ್ಟ್ರೇ. ಅವನು ಬರ್ತಾನೆ ಅಂದಿದ್ರೆ, ಕದ್ದೋನು ನಾನೇ ಅಂತ ಹೇಳಿಬಿಡ್ತಿದ್ದೆ.”

ಆಮೇಲೆ ಅತ್ತ. ನನಗೆ ಅವನ ಭುಜ ಮುಟ್ಟುವ ಯೋಗ್ಯತೆಯೂ ಇರಲಿಲ್ಲ. ಕಣ್ಣೊರೆಸಿಕೊಂಡು ಒಂದೇ ಒಂದು ಕೆಲಸ ಹೇಳಿದ. ಅವನ ಅತ್ತಿಗೆ ಈಗ ಗೌರಿಬಿದನೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಮೈದುನ ಕಳ್ಳ ಎಂದೇ ಅವರೂ ಮಕ್ಕಳೂ ತಿಳಿದಿದ್ದಾರೆ. ಅವನು ಹೇಳಿದರೆ ನಂಬುವುದಿಲ್ಲ, ನಾನೇ ಹೋಗಿ ಹೇಳಬೇಕು.

ಬರುವ ಭಾನುವಾರ ಹೋಗುತ್ತಿದ್ದೇವೆ. ಅವನೂ ಬರುತ್ತಾನೆ, ಆದರೆ ಒಳಗೆ ಬರುವುದಿಲ್ಲವಂತೆ. ಬೀದಿಯಲ್ಲಿ ನಿಂತಿರುತ್ತಾನಂತೆ. ನಾನು ಹೇಳಿ ಮುಗಿಸಿದ ಮೇಲೆ ಅತ್ತಿಗೆ ಕರೆದರೆ ಹೊಸ್ತಿಲು ದಾಟುತ್ತಾನೆ, ಕರೆಯದಿದ್ದರೆ ಅಲ್ಲಿಂದಲೇ ಬಸ್ಸು ಹತ್ತುತ್ತಾನೆ. ಅವರು ಎದ್ದು ಬಾಗಿಲಿಗೆ ಬಂದು ಅವನನ್ನು ಕರೆಯುವ ಹಾಗೆ ನಾನು ನಿಜ ಹೇಳಬೇಕು. ನನಗೆ ಉಳಿದಿರುವ ಕೆಲಸ ಅದೊಂದೇ.