ಪೇಟೆಯಲ್ಲಿ ವಾಪಸಾದ ಭಾಷಣ

ಹಾಸ್ಟೆಲ್ಲಿನ ಅಡುಗೆಮನೆಗೆ ನಿನ್ನೆ ಅಕ್ಕಿಯ ಹೊಸ ಚೀಲಗಳು ಬಂದವು. ಹೊಸ ಗೋಣಿತಟ್ಟಿಗೆ ಒಂದು ವಾಸನೆ ಇರುತ್ತದೆ, ನೀವೂ ಗಮನಿಸಿರಬಹುದು: ಸ್ವಲ್ಪ ಸೀಮೆಎಣ್ಣೆ, ಸ್ವಲ್ಪ ಒಣಹುಲ್ಲು, ಉಳಿದದ್ದು ಧೂಳು. ಗೆಳತಿಯರು ಮೂಗು ಮುಚ್ಚಿಕೊಂಡು ದಾಟಿಹೋದರು. ನಾನು ಮಾತ್ರ ಅಂಜಿ, ಹಿತ್ತಲಿನಿಂದ ಸುತ್ತುಹಾಕಿ ಊಟಕ್ಕೆ ಹೋದೆ. ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿರುವ, ದೆವ್ವವನ್ನಾಗಲಿ ಜ್ಯೋತಿಷ್ಯವನ್ನಾಗಲಿ ವಾದ ಮಾಡದೆ ಒಳಗೆ ಬಿಟ್ಟುಕೊಳ್ಳದ ಹುಡುಗಿಯೊಬ್ಬಳು ಗೋಣಿಚೀಲಕ್ಕೆ ಅಂಜುತ್ತಾಳೆಂದರೆ ನೀವು ಕಾರಣ ಕೇಳುತ್ತೀರಿ. ಕೇಳಲೇಬೇಕು. ಆದರೆ ಅದಕ್ಕೆ ನಮ್ಮೂರು ಗುಡಗೇರಿಯ ಕಾಳಿನ ಪೇಟೆಯ ಮೇಲೆ ಹಾದು ಬರಬೇಕಾಗುತ್ತದೆ.

ಅಪ್ಪ ಆ ಪೇಟೆಯಲ್ಲಿ ಲಿಲಾವು, ಎಂದರೆ ಹರಾಜು, ಕೂಗುವವನು. ರೈತರು ಜೋಳ, ಕಡಲೆ, ಕುಸುಬಿ ತಂದು ಇಳಿಸುತ್ತಾರೆ. ಚೀಲಗಳ ಮುಂದೆ ಒಂದು ಹಿಡಿ ಕಾಳು ಮಾದರಿಗೆಂದು ಇಡುತ್ತಾರೆ. ವ್ಯಾಪಾರಿಗಳು ಅದನ್ನು ಅಂಗೈಯಲ್ಲಿ ಹೊರಳಿಸಿ, ಹಲ್ಲಿನಲ್ಲಿ ಕಡಿದು ನೋಡಿ ಬೆಲೆ ಹೇಳುತ್ತಾರೆ, ಅಪ್ಪ ಕೂಗುತ್ತಾನೆ. ಮೂರನೆಯ ಸಲ ಕೂಗಿದ ಮೇಲೆ ಮುಗಿಯಿತು. ನಾಲ್ಕು ಜನರ ನಡುವೆ ಗಟ್ಟಿಯಾಗಿ ಆಡಿದ ಮಾತೇ ವ್ಯಾಪಾರ. ಮರುದಿನ ಬೆಲೆ ಏರಿತೆಂದು ಯಾರೂ ಹಿಂದೆ ಸರಿಯುವಂತಿಲ್ಲ. ಆ ಮಾತು ಮುರಿಯಲು ಇರುವುದು ಒಂದೇ ದಾರಿ. ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ನೋಡಿದಾಗ ಒಳಗಿನ ಕಾಳು ಮಾದರಿಯಂತೆ ಇರದಿದ್ದರೆ, ಮಾರಿದವನು ಅದೇ ಪೇಟೆಯಲ್ಲಿ ಅದೇ ಜನರೆದುರು 'ಮಾದರಿ ಬ್ಯಾರೆ ಇತ್ತು' ಎಂದು ಬಾಯಿಬಿಟ್ಟು ಹೇಳಬೇಕು. ಆಗ ಸರಕು ವಾಪಸ್. ಹಾಗೆ ಹೇಳಿದವರನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಆಮೇಲೆ ಎಷ್ಟೋ ವಾರ ಅವರು ಬೇರೆ ಊರಿನ ಸಂತೆಗೆ ಹೋಗುತ್ತಿದ್ದರು.

ನಾನು ಎಸ್ಸೆಸ್ಸೆಲ್ಸಿ ಬರೆದ ಬೇಸಿಗೆಯಲ್ಲಿ ಹುಬ್ಬಳ್ಳಿ ಕಡೆಯ ಒಂದು ಪಂಪ್‌ಸೆಟ್ ಕಂಪನಿಗೆ ಹಳ್ಳಿಯ ಮಕ್ಕಳನ್ನು ವಿಜ್ಞಾನದ ಕಡೆ ಎಳೆಯುವ ಹುಮ್ಮಸ್ಸು ಬಂತು. ಅದಕ್ಕಾಗಿ ಒಂದು ಚರ್ಚಾಸ್ಪರ್ಧೆ. ಗೆದ್ದವರನ್ನು ಹುಬ್ಬಳ್ಳಿಯಲ್ಲಿ ಪಿಯುಸಿ ವಿಜ್ಞಾನ ಓದಿಸುವುದು, ಹಾಸ್ಟೆಲ್ಲು, ಪುಸ್ತಕ ಎಲ್ಲವೂ ಕಂಪನಿಯದೇ. ಪಂಪು ಮಾರುವವರಿಗೆ ನಮ್ಮ ಓದಿನ ಚಿಂತೆ ಯಾಕೆ ಬಂತೆಂದು ನಾನು ನಮ್ಮ ವಿಜ್ಞಾನದ ಮಾಸ್ತರರಾದ ಕುಲಕರ್ಣಿ ಸರ್ ಅವರನ್ನು ಕೇಳಿದೆ.

"ನಿನ್ನ ಯಾರರ ಊಟಕ್ಕ ಕರದ್ರ, ಅಡಗಿಮನಿ ಯಾಕ ಕಟ್ಟಿಸೀರಿ ಅಂತ ಕೇಳಾಕಿ ನೀನು," ಎಂದರು ಅವರು. "ಸುಮ್ಮನ ಹೆಸರು ಕೊಡು."

ಕೊಟ್ಟೆ. ಯಾಕೆಂದರೆ ಅಪ್ಪ ಮೊದಲೇ ಸ್ಪಷ್ಟಮಾಡಿದ್ದ: ಕಂಪನಿ ಓದಿಸಿದರೆ ಹುಬ್ಬಳ್ಳಿ, ಇಲ್ಲದಿದ್ದರೆ ಮನೆ. ನನಗೆ ಇದ್ದದ್ದು ಆ ಒಂದೇ ಬಾಗಿಲು.

ಊರಿನಲ್ಲಿ ಅಷ್ಟು ಜನ ಕೂರುವ ಬೇರೆ ಸೂರು ಇರಲಿಲ್ಲವಾದ್ದರಿಂದ ಕಾಳಿನ ಪೇಟೆಯ ತಗಡಿನ ಶೆಡ್ಡಿನಲ್ಲೇ ವೇದಿಕೆ ಹಾಕಿದರು. ಮೂಲೆಯಲ್ಲಿ ಹೊಸ ಹಸಿರು ಬಣ್ಣ ಬಳಿದ ಪಂಪೊಂದು ಹಾರ ಹಾಕಿಸಿಕೊಂಡು ಕುಳಿತಿತ್ತು. ವಿಷಯ: ಹಳ್ಳಿಯ ಮಕ್ಕಳಿಗೆ ವಿಜ್ಞಾನವೇ ದಾರಿ. ಪಕ್ಷ ನಮ್ಮ ಆಯ್ಕೆಯಲ್ಲ, ಚೀಟಿ ಎತ್ತಬೇಕು. ಕಂಪನಿಯ ಸಾಹೇಬರು ಸ್ಟೀಲಿನ ಲೋಟ ಮುಂದೆ ಹಿಡಿದರು. ನನ್ನ ಚೀಟಿಯಲ್ಲಿ 'ವಿರೋಧ' ಎಂದಿತ್ತು.

ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ವಿರೋಧಿಸುವುದು ನನಗೆ ಉಸಿರಾಡಿದಷ್ಟು ಸಲೀಸು. ನಮ್ಮ ಶಾಲೆಯ ಪ್ರಯೋಗಾಲಯವೆಂದರೆ ಬೀಗ ಹಾಕಿದ ಒಂದು ಕಪಾಟು ಎಂದೆ. ಹೈಡ್ರೋಜನ್ 'ಪಪ್' ಎಂದು ಉರಿಯುತ್ತದೆಂಬುದನ್ನು ನಾವು ಕಿವಿಯಿಂದ ಕೇಳಿದವರಲ್ಲ, ಬಾಯಿಪಾಠ ಮಾಡಿದವರು ಎಂದೆ. ಪಂಪು ಕೆಟ್ಟರೆ ರಿಪೇರಿಯವನು ಇವತ್ತಿಗೂ ಹುಬ್ಬಳ್ಳಿಯಿಂದ ಬರಬೇಕು. ಕಲಿತವರು ಅತ್ತ ಹೋದರು, ಪಂಪುಗಳಷ್ಟೇ ಇತ್ತ ಬಂದವು ಎಂದೆ. ನಗು ಎದ್ದಿತು. ಕೊನೆಗೆ ದನಿ ತಗ್ಗಿಸಿ, ಸಾಹೇಬರತ್ತ ತಿರುಗಿ ಕೇಳಿದೆ: "ಮಗಳನ್ನು ಗುರುತಿಲ್ಲದ ಊರಿಗೆ ಕಳಿಸುವ ತಂದೆಗೆ ನಿಮ್ಮ ಕಂಪನಿ ಏನು ಭರವಸೆ ಕೊಡುತ್ತದೆ? ಅವಳು ಓದಿ ಮುಗಿಸಿದ ಮೇಲೆ ಆ ಮನೆಗೂ ಸಲ್ಲದೆ ಆ ಊರಿಗೂ ಸಲ್ಲದೆ ನಿಂತರೆ, ಅವಳ ಪಕ್ಕದಲ್ಲಿ ಯಾರು ನಿಲ್ಲುತ್ತಾರೆ?"

ತಗಡು ನಡುಗುವಷ್ಟು ಚಪ್ಪಾಳೆ. ಮೊದಲ ಬಹುಮಾನ ನನಗೇ ಬಂತು. "ನಮ್ಮನ್ನ ಬೈದು ನಮ್ಮ ಬಹುಮಾನಾನ ಹೊಡದ್ಲು ನೋಡ್ರಿ ಹುಡುಗಿ," ಎಂದು ಸಾಹೇಬರು ಹೊಟ್ಟೆತುಂಬ ನಕ್ಕರು.

ಅಪ್ಪ ನಗಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕುಳಿತವನು, "ಖರೆ ಹೇಳಿದಿ ನೀ. ಹುಬ್ಬಳ್ಳಿ ಬ್ಯಾಡ," ಎಂದ.

ಮೊದಲು ಚೇಷ್ಟೆ ಎಂದುಕೊಂಡೆ. "ಅಪ್ಪಾ, ಅದು ಚೀಟಿ ಎತ್ತಿದ್ದು."

"ಪಕ್ಷಕ್ಕ ಚೀಟಿ ಎತ್ತಿದ್ದಿ. ಮಾತು ಯಾರವು?"

"ನನ್ನವ. ಆದ್ರ ನನಗ ಹಂಗ ಅನಸೂದಿಲ್ಲ."

"ಅಂದ್ರ ಪ್ಯಾಟಿಯೊಳಗ ನಿಂತು ಸುಳ್ಳ ಹೇಳಿದಿ?"

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ನಾನು ಚರ್ಚೆಯಲ್ಲಿ ಎಷ್ಟೋ ಜನರನ್ನು ಇಂಥ ಇಕ್ಕಟ್ಟಿನಲ್ಲಿ ನಿಲ್ಲಿಸಿ ಮಜಾ ನೋಡಿದವಳು. ಹೌದೆಂದರೆ ಸುಳ್ಳಿ, ಅಲ್ಲವೆಂದರೆ ಮನೆಯೇ ಗತಿ. ಶಾಲೆಯ ಮೆಟ್ಟಿಲು ಹತ್ತದ ಅಪ್ಪ ಅದನ್ನು ರೊಟ್ಟಿ ಮುರಿಯುತ್ತ ಮಾಡಿಬಿಟ್ಟಿದ್ದ. ನಾನು ಅವನದೇ ನಿಯಮ ಹಿಡಿದು ಇನ್ನೊಂದು ಕಡೆಯಿಂದ ಬಂದೆ.

"ಲಿಲಾವಿನ್ಯಾಗ ತೊಗೊಳ್ಳಾವ ಒಬ್ಬ ಇರಬೇಕಲ್ಲ? ನನ್ನ ಮಾತು ಯಾರ್ ತೊಗೊಂಡ್ರು?"

"ನಾನ ತೊಗೊಂಡೆ."

"ಇಬ್ಬರೂ ಸೇರಿ ಪ್ಯಾಟಿ ಮನೀಗೇ ತಂದ್ರೆಲ್ಲ," ಎಂದಳು ಅವ್ವ. "ರೊಟ್ಟಿ ಆರಾಕತ್ತಾವು, ತಿನ್ರಿ."

ಫಲಿತಾಂಶ ಬಂತು, ಮೊದಲ ದರ್ಜೆ. ಸಕ್ಕರೆ ಹಂಚಿದರು. ಅಷ್ಟೇ. ಹುಬ್ಬಳ್ಳಿಯ ಕಾಲೇಜಿನಲ್ಲಿ ಪ್ರವೇಶ ಮುಗಿಯುವ ದಿನ ಹತ್ತಿರ ಬರುತ್ತಿತ್ತು, ನಾನು ದಿನವೂ ಹೊಸ ವಾದ ಕಟ್ಟಿಕೊಂಡು ಅಪ್ಪನೆದುರು ಹೋಗುತ್ತಿದ್ದೆ. ಅಪ್ಪ ಪ್ರತಿಸಲವೂ ನನ್ನದೇ ಭಾಷಣದ ಒಂದು ವಾಕ್ಯವನ್ನು ತಿರುಗಿಸಿ ಕೊಡುತ್ತಿದ್ದ. ಎದುರಾಳಿ ನಾನೇ, ದುರ್ದೈವಕ್ಕೆ ಅವಳು ಚೆನ್ನಾಗಿ ತಯಾರಿ ಮಾಡಿಕೊಂಡು ಬಂದಿದ್ದಳು. ನಿಲ್ದಾಣದಲ್ಲಿ ಹುಬ್ಬಳ್ಳಿಯ ಗಾಡಿ ಕೂಗಿದರೆ ಊಟ ಬಿಟ್ಟು ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದೆ. ಕುಲಕರ್ಣಿ ಸರ್ ಒಂದು ಸಂಜೆ ಬಂದು ಅಪ್ಪನೊಡನೆ ಬಹಳ ಹೊತ್ತು ಕುಳಿತು, ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಹೇಳಿದರು: "ನಿನ್ನ ಭಾಷಣ ನಿಮ್ಮಪ್ಪಗ ಪೂರಾ ಬಾಯಿಪಾಠ ಅದವಾ. ನಾ ಏನ್ ಮಾಡ್ಲಿ?"

ಕೊನೆಗೆ ಉಳಿದದ್ದು ಪೇಟೆಯ ಆ ಒಂದೇ ದಾರಿ. ಚರ್ಚೆ ಕಲಿತವಳಿಗೆ ಅದು ಎಷ್ಟು ಕಷ್ಟವೆಂದು ಹೇಳಿದರೆ ನೀವು ನಗುತ್ತೀರಿ. ಸೋಲುವುದಾದರೂ ಆದೀತು, ಗೆದ್ದದ್ದನ್ನು ನನ್ನ ಬಾಯಿಂದಲೇ ಸುಳ್ಳೆನ್ನಬೇಕು, ಚಪ್ಪಾಳೆ ಹೊಡೆದ ಅದೇ ಜನರೆದುರು.

ಸಂತೆಯ ದಿನ ಹೋದೆ. ಹೊಸ ಚೀಲಗಳ ಗಂಟು ಬಾಗಿಲಲ್ಲೇ ಬಿಚ್ಚಿ ಹಾಕಿದ್ದರು, ಆ ವಾಸನೆ ಮೂಗಿಗೆ ಹೊಡೆದಾಗ ಎರಡು ಹೆಜ್ಜೆ ಹಿಂದೆ ಸರಿದೆ. ಅಪ್ಪ ಕಡಲೆಯ ಚೀಲಗಳ ಮುಂದೆ ನಿಂತು ಕೂಗುತ್ತಿದ್ದ, ಸುತ್ತ ವ್ಯಾಪಾರಿಗಳು. ಕೂಗು ಮುಗಿಯುವವರೆಗೆ ಕಾದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಪೀಠಿಕೆ ಅಷ್ಟರಲ್ಲಿ ಎಲ್ಲಿಗೋ ಹೋಗಿತ್ತು.

"ಅಪ್ಪಾ, ಸರಕು ವಾಪಸ್ ಮಾಡಬೇಕು."

"ಯಾವ ಸರಕು ಬೇ ತಂಗಿ?" ಕೇಳಿದವನು ಕುಸುಬಿಯ ವ್ಯಾಪಾರಿ ಬಾಬುಸಾಬ ಕಾಕಾ.

"ನನ್ನ ಭಾಷಣರಿ. ಮಾದರಿ ಬ್ಯಾರೆ ಇತ್ತು."

ಯಾರೋ ಕಿಸಕ್ಕೆಂದರು. ಕಾಕಾ ಮಾತ್ರ ಗಂಭೀರವಾಗಿ ಟೊಪ್ಪಿಗೆ ಸರಿಮಾಡಿಕೊಂಡ. "ಅಂದ್ರ ನಮ್ಮ ಕೈಲೆ ಸುಮ್ಮ ಸುಮ್ಮನ ಚಪ್ಪಾಳಿ ಹೊಡಿಸಿದಿ ಅನ್ನು. ಅಂಗೈ ಕೆಂಪಾಗಿತ್ತಲೇ ನಂದು."

"ಹೌದ್ರಿ ಕಾಕಾ."

ಅಪ್ಪ ನನ್ನನ್ನೇ ನೋಡುತ್ತಿದ್ದ. "ಚೀಲದಾಗ ಏನೈತಿ?"

"ಹೋಗಬೇಕು ಅಂತೈತಿ," ಎಂದೆ. ಇನ್ನೂ ಏನಾದರೂ ಹೇಳಬೇಕೆಂದು ನೋಡಿದೆ. ಒಂದು ಅಂಕಿಅಂಶವೂ ನೆನಪಾಗಲಿಲ್ಲ. "ಅಂಜಿಕಿನೂ ಐತಿ."

ಅಪ್ಪ ಮಾದರಿಯ ಕಡಲೆಯನ್ನು ಚೀಲಕ್ಕೆ ಸುರಿದ. ಆಮೇಲೆ ಶೆಡ್ಡಿನ ಆ ತುದಿಗೂ ಕೇಳುವ ತನ್ನ ಪೇಟೆಯ ದನಿಯಲ್ಲಿ ಕೂಗಿದ: "ಸರಕು ವಾಪಸ್." ಕೂಗಿ, ಮುಂದಿನ ರೈತನ ಜೋಳದ ಕಡೆ ನಡೆದುಬಿಟ್ಟ.

ಪ್ರವೇಶ ಮುಗಿಯುವ ಮುಂಚೆ ಹುಬ್ಬಳ್ಳಿ ಮುಟ್ಟಿದೆವು. ಹಾಸ್ಟೆಲ್ಲಿಗೆ ಸೇರಿಸಲು ಬಂದಿದ್ದ ಕಂಪನಿಯ ಸಾಹೇಬರನ್ನು ಕೇಳಿದೆ, ನಾನು ಆ ದಿನ ಹೇಳಿದ್ದರಲ್ಲಿ ಯಾವುದು ಅವರಿಗೆ ಚುಚ್ಚಿತು ಎಂದು. ಅವರು ಹಣೆ ಉಜ್ಜಿಕೊಂಡರು. "ಏನ್ ಹೇಳಿದ್ದೆವಾ ನೀನು? ಛಲೋ ಮಾತಾಡಿದ್ದಿ ಅನ್ನೋದಷ್ಟ ನೆನಪೈತಿ." ಒಳ್ಳೆಯ ಮನುಷ್ಯ. ಅವರ ಕಂಪನಿ ಮಾತಿಗೆ ತಪ್ಪದೆ ಓದಿಸಿತು, ಅದನ್ನು ಅಲ್ಲಗಳೆಯಲಾರೆ. ಆದರೆ ನನ್ನ ಭಾಷಣವನ್ನು ಭಾಷಣವೆಂದು ಬಿಡದೆ ಒಂದೊಂದು ಮಾತನ್ನೂ ಎದೆಗೆ ಹಚ್ಚಿಕೊಂಡವನು ಅಪ್ಪನೊಬ್ಬನೇ.

ಒಂದು ತಕರಾರು ಮಾತ್ರ ಇಷ್ಟು ವರ್ಷ ನನ್ನೊಳಗೆ ಉಳಿದಿತ್ತು. ಮಾದರಿ ಪೂರ್ತಿ ಬೇರೆ ಇರಲಿಲ್ಲ. ಕಪಾಟಿಗೆ ಬೀಗ ಇದ್ದದ್ದು ನಿಜ, ರಿಪೇರಿಯವನು ಈಗಲೂ ಹುಬ್ಬಳ್ಳಿಯಿಂದಲೇ ಬರುತ್ತಾನೆ. ಹಾಗಾದರೆ ಪೇಟೆಯಲ್ಲಿ ನಿಂತು ನಾನು ವಾಪಸ್ ಪಡೆದದ್ದು ಸುಳ್ಳನ್ನೋ ನಿಜವನ್ನೋ? ಕಳೆದ ರಜೆಯಲ್ಲಿ, ಸ್ಟೇಷನ್ನಿಗೆ ಬಿಡಲು ಬಂದ ಅಪ್ಪನನ್ನು ಕೇಳಿಯೇಬಿಟ್ಟೆ.

ಅವನು ನನ್ನ ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿದ. "ಪ್ಯಾಟ್ಯಾಗ ರೇಟು ಯಾರ್ದು? ವ್ಯಾಪಾರಿದು. ನಾ ಬರೇ ಕೂಗಾವ. ಅವತ್ತ ಮಾತು ನಂದಿತ್ತವಾ, ನನಗ ಹೇಳಾಕ ಬರ್ತಿರಲಿಲ್ಲ. ಕೂಗಿದಾಕಿ ನೀನು." ಚೀಲವನ್ನು ನನ್ನ ಕೈಗೆ ಕೊಡುತ್ತ ಸೇರಿಸಿದ: "ಮಗಳ ಪಕ್ಕದಾಗ ಯಾರ್ ನಿಲ್ತಾರ ಅಂತ ಕೇಳಿದ್ದಕ್ಕ ಆ ಸಾಹೇಬ ಇನ್ನೂ ಉತ್ತರ ಕೊಟ್ಟಿಲ್ಲ."

ಗಾಡಿ ಬಂತು. ಹತ್ತಿ ಕುಳಿತೆ.

ಮುಂದಿನ ತಿಂಗಳು ಕಂಪನಿಯವರು ಕಲಘಟಗಿ ಕಡೆಯ ಒಂದು ಶಾಲೆಯಲ್ಲಿ ಹುಡುಗಿಯರಿಗೆ ಎರಡು ಮಾತು ಹೇಳಲು ನನ್ನನ್ನು ಕರೆದಿದ್ದಾರೆ. ಒಪ್ಪಿಕೊಂಡಿದ್ದೇನೆ. ಈ ಸಲ ಚೀಟಿ ಇಲ್ಲ. ಹುಡುಗಿಯರಿಗೆ ಹೇಳುವುದನ್ನು ನಿನ್ನೆಯೇ ಬರೆದು ಮುಗಿಸಿದೆ, ಅದು ಸರಾಗವಾಗಿ ಬಂತು. ಅವರ ಹಿಂದೆ, ಗೋಡೆಗೆ ಒರಗಿ, ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೇಳುತ್ತ ಕೂರುವ ಅಪ್ಪಂದಿರಿಗೆ ಏನು ಹೇಳಬೇಕೆಂದು ಬೆಳಗಿನಿಂದ ಕುಳಿತಿದ್ದೇನೆ. ಒಂದು ಸಾಲೂ ಆಗಿಲ್ಲ.