ಲೀಲಕ್ಕನಿಗೊಂದು ಶಾಲು

ಲೀಲಕ್ಕನ ಸನ್ಮಾನದಲ್ಲಿ ಲೀಲಕ್ಕನ ಬದಲು ನಾನೇ ಮಾತನಾಡಿಬಿಟ್ಟೆ. ಮೂರ್ಖತನವನ್ನು ಮೊದಲೇ ಒಪ್ಪಿಕೊಂಡರೆ ಮುಂದಿನದ್ದನ್ನು ನೀವು ತುಸು ಕರುಣೆಯಿಂದ ಓದೀರಿ ಎಂಬ ಆಸೆ. ಬಸ್ಸಿನ ಕಂಡಕ್ಟರನ ಕೂಗಿನಿಂದ ಹಿಡಿದು ಸ್ವಂತ ಅಪ್ಪನ ಗೊರಕೆಯವರೆಗೆ ಎಲ್ಲವನ್ನೂ ಅನುಕರಿಸಿ, ಯಾರೂ ಸಿಗದ ದಿನ ಕೆಲಸದ ಸಂದರ್ಶನದಲ್ಲಿ ತೊದಲುವ ನನ್ನನ್ನೇ ಅನುಕರಿಸುವವನು ನಾನು. ಇಂಥವನ ಕೈಗೆ ಮೈಕು ಕೊಟ್ಟು ನಿರೂಪಕನನ್ನಾಗಿ ಮಾಡಿದ್ದು ಸನ್ಮಾನ ಏರ್ಪಡಿಸಿದ ನಮ್ಮ ವಾರ್ಡಿನ ಸಂಘದ ತಪ್ಪು ಎನ್ನಲು ನಾಲಿಗೆ ತುರಿಸುತ್ತದೆ, ಬೇಡ, ಬಿಡಿ.

ನಮ್ಮ ಮಂಗಳೂರಿನ ಸನ್ಮಾನವನ್ನು ನೀವೂ ನೋಡಿದ್ದೀರಿ. ಬನಿಯನ್ನೇ ಭಾರವೆನಿಸುವ ಸೆಕೆಯಲ್ಲಿ ಜರಿಯಂಚಿನ ದಪ್ಪ ಶಾಲು, ತಲೆಗೆ ಪೇಟ, ಮಡಿಲಿಗೆ ಪ್ಲಾಸ್ಟಿಕ್ ಹೊದ್ದ ಹಣ್ಣಿನ ಬುಟ್ಟಿ, ಕೂರಲು ಕುಲಶೇಖರದಿಂದ ಬಾಡಿಗೆಗೆ ತಂದ ಸಿಂಹಾಸನದಂಥ ಕುರ್ಚಿ. ಅದರಲ್ಲಿ ಕೂತವರಿಗೆ ಏಳಲೂ ಆಗದು, ಬಾಯಿ ತೆರೆಯಲೂ ಆಗದು. ಸುಮ್ಮನಿರದವರನ್ನು ಇಷ್ಟು ಗೌರವದಿಂದ ಸುಮ್ಮನಾಗಿಸುವ ಉಪಾಯ ಕಂಡುಹಿಡಿದವನಿಗೂ ಯಾರಾದರೂ ಒಂದು ಶಾಲು ಹೊದೆಸಬೇಕಿತ್ತು.

ಲೀಲಕ್ಕ ನಮ್ಮ ವಾರ್ಡಿನಿಂದ ಪಾಲಿಕೆಗೆ ಗೆದ್ದ ಮೊದಲ ಹೆಂಗಸು. ಗಂಡಸರೇ ತುಂಬಿದ ಸಭೆಯಲ್ಲಿ ಒಬ್ಬರೇ ಜಗಳವಾಡಿ, ಮೀನು ಮಾರ್ಕೆಟ್ಟಿನ ಹೆಂಗಸರಿಗೆಂದು ಶೌಚಾಲಯ ಕಟ್ಟಿಸಿದವರು. ಈಗ ಅದಕ್ಕೆ ಬೀಗ. ಒಳಗೆ ಸಂಘದ ಫ್ಲೆಕ್ಸುಗಳೂ ಮಡಚುವ ಕುರ್ಚಿಗಳೂ ಸುಖವಾಗಿವೆ. ಹೊರಗೆ, ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಬರುವ ಹೆಂಗಸರು ಮಧ್ಯಾಹ್ನದವರೆಗೆ ಹನಿ ನೀರು ಕುಡಿಯದೆ ಕೂರುತ್ತಾರೆ, ಕುಡಿದರೆ ಹೋಗುವುದೆಲ್ಲಿಗೆ? ಸನ್ಮಾನವೇ ಬೇಡವೆಂದಿದ್ದ ಲೀಲಕ್ಕ ಕೊನೆಗೆ ಒಪ್ಪಿದ್ದು ಇದೊಂದನ್ನು ಎಲ್ಲರೆದುರು ಕೇಳುವುದಕ್ಕಾಗಿ. "ಶಾಲು ಎಂತದ್ದಾದ್ರೂ ಹಾಕ್ಲಿ, ನಂಗೆ ಸ್ವಲ್ಪ ಮಾತಾಡ್ಲಿಕ್ಕೆ ಬಿಡು, ಆಯ್ತಾ?" ಎಂದು ನನ್ನಿಂದಲೇ ಮಾತು ತೆಗೆದುಕೊಂಡಿದ್ದರು.

ಆದರೆ ಭಾಷಣಗಳು! ಒಬ್ಬರು ಸ್ತ್ರೀಶಕ್ತಿಯ ಬಗ್ಗೆ ಮಾತನಾಡುತ್ತ ಪುರಾಣದಿಂದ ಹೊರಟವರು ಲೀಲಕ್ಕನವರೆಗೆ ತಲುಪಲೇ ಇಲ್ಲ. ಇನ್ನೊಬ್ಬರು ಆಕೆಯನ್ನು ರಾಜಕೀಯಕ್ಕೆ ಹೋಗಲು ಬಿಟ್ಟ ದಿವಂಗತ ಪತಿಯ ಔದಾರ್ಯವನ್ನು ಕೊಂಡಾಡಿದರು. ಮತ್ತೊಬ್ಬರಿಗೆ ಆಕೆ ಮಾಡುವ ಬಂಗುಡೆ ಮೀನಿನ ಗಸಿಯ ರುಚಿಯ ನೆನಪು. ಸಂಘದ ಅಧ್ಯಕ್ಷರು "ಎರಡೇ ಮಾತು" ಎಂದು ಶುರು ಮಾಡಿ, ಊಟ ಆರಿದ ಮೇಲೆ ಮುಗಿಸಿದರು. ಆಮೇಲೆ ನನ್ನ ಕಿವಿಯಲ್ಲಿ, ಸಮಯವಿಲ್ಲ, ಲೀಲಕ್ಕನ ಸ್ವರದಲ್ಲಿ ನೀನೇ ಒಂದಿಷ್ಟು ಹೇಳಿ ಮುಗಿಸು, ಜನರಿಗೂ ಖುಷಿ, ಎಂದರು.

ಚಪ್ಪಾಳೆಯ ಹಸಿವಿಗಿಂತ ದೊಡ್ಡ ಹಸಿವು ನನಗಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದಂತೆ ನಟಿಸಿ, ಕನ್ನಡಕ ಮೂಗಿನ ತುದಿಗಿಳಿಸಿ, ಆಕೆ ಅಧಿಕಾರಿಗಳನ್ನು ಗದರಿಸುತ್ತಿದ್ದ ಗತ್ತನ್ನು ಅಚ್ಚೊತ್ತಿದ ಹಾಗೆ ಒಪ್ಪಿಸಿದೆ. ಸಭೆ ನಕ್ಕು ಹಗುರಾಯಿತು. ಲೀಲಕ್ಕನ ಮಾತು ಕೇಳಿಯೇ ಆಯಿತೆಂಬ ತೃಪ್ತಿಯಲ್ಲಿ ಜನ ಊಟಕ್ಕೆ ಎದ್ದರು. ಆಕೆ ಅಲ್ಲೇ, ಎರಡು ಮಾರು ದೂರದಲ್ಲಿ, ಹಣ್ಣಿನ ಬುಟ್ಟಿಯ ಹಿಂದೆ ಕೂತಿದ್ದರು ಎಂಬುದು ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆದದ್ದೂ ತಡವಾಗಿಯೇ.

ಬುಟ್ಟಿಯನ್ನು ಅಧ್ಯಕ್ಷರ ಮಡಿಲಿಗೆ ದಾಟಿಸಿ, ಪೇಟವನ್ನು ಅದರ ಮೇಲಿಟ್ಟು, ಆಕೆ ಎದ್ದು ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡರು. ಊಟಕ್ಕೆ ಹೊರಟವರು ನಿಂತಲ್ಲೇ ನಿಂತದ್ದು, ಅಧ್ಯಕ್ಷರು ಎಲ್ಲರೆದುರೇ ಜೇಬು ತಡಕಾಡಿದ್ದು, ಅಷ್ಟೂ ಭಾಷಣಗಳಿಗಲ್ಲ, ಆಕೆ ನನ್ನತ್ತ ತಿರುಗಿ ಆಡಿದ ಈ ಮಾತಿಗೆ:

"ನನ್ನ ಸ್ವರ ನಿನ್ನ ಹತ್ರ ಉಂಟು ಮಾರಾಯ, ಗೊತ್ತಾಯ್ತು. ಆ ಬೀಗದ ಕೀ ಯಾರ ಹತ್ರ ಉಂಟು?"