ಟವೆಲ್ ಕೆಳಗಿನ ಕಷ್ಟದ ಚಾರ್ಜು

ಹಲ್ಲಿನ ಡಾಕ್ಟರಮ್ಮನ ಬಲ ಮುಂಗೈ ಎಡಗೈಗಿಂತ ದಪ್ಪಗಿತ್ತು. ಹಲ್ಲು ಕಿತ್ತೂ ಕಿತ್ತೂ ಹಾಗಾಗಿತ್ತೋ, ನಾನೇ ಈಚೆಗೆ ಹಾಗೆ ನೆನೆದುಕೊಳ್ಳುತ್ತಿದ್ದೇನೋ, ಖಚಿತವಾಗಿ ಹೇಳಲಾರೆ. ಇಲ್ಲಿನ ಇನ್ನೂ ಕೆಲವು ವಿವರಗಳು ಹೀಗೇ ಇರಬಹುದು.

ಎಂ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಕೊಳ್ಳೇಗಾಲದ ಅವರ ಕ್ಲಿನಿಕ್ಕಿನಲ್ಲಿ ಬಿಲ್ ಬರೆಯುತ್ತಿದ್ದೆ. ಮಾಮೂಲಿ ಹಲ್ಲಿನ ದರ ಗೋಡೆಯ ಮೇಲಿತ್ತು. ಬೇರು ಕೊಕ್ಕೆಯಂತೆ ಬಾಗಿದ ಹಲ್ಲಿಗೆ ಮಾತ್ರ ಕಿತ್ತ ಮೇಲೆಯೇ ದರ. ಎಷ್ಟು ಕಷ್ಟವಾಯಿತೆಂದು ಅವರು ಹೇಳಬೇಕು, ನಾನು ‘ಕಷ್ಟದ ಚಾರ್ಜು’ ಎಂದು ಬರೆಯಬೇಕು. ಜಗಳ ಶುರುವಾಗುತ್ತಿದ್ದುದೇ ಅಲ್ಲಿ.

“ಕಣ್ಮುಚ್ಚಿ ತೆಗ್ಯೋದ್ರೊಳ್ಗೆ ಕಿತ್ತಾಕ್ಬುಟ್ರಿ. ಇದ್ಯಾವ ಕಷ್ಟ ಕಣವ್ವ?” ಎಂದು ಬಂಡಳ್ಳಿಯವರೊಬ್ಬರು.

“ಮದ್ಯಾನ್ದಿಂದ ಎಳ್ದಾಡ್ತಾವ್ರೆ. ಕೆಲ್ಸ ಬಂದಿದ್ರೆ ಇಷ್ಟೊತ್ತು ಬೇಕಿತ್ತಾ?” ಎಂದು ಮಾರ್ಟಳ್ಳಿಯ ಇನ್ನೊಬ್ಬರು.

“ಬೇಗ ಕಿತ್ರೆ ಕಷ್ಟವೇ ಅಲ್ಲ, ತಡವಾದ್ರೆ ನಂಗೆ ಕೆಲ್ಸಾನೇ ಬರಲ್ಲ. ಮತ್ತೇನು, ಅರ್ಧ ಹಲ್ಲು ಒಳಗೇ ಬಿಟ್ಟು ಕಳಿಸ್ಲಾ?” ಎಂದು ಡಾಕ್ಟರಮ್ಮ ನನ್ನನ್ನು ಕೇಳುತ್ತಿದ್ದರು. ಒಂದು ದಿನ ರೇಗಿಬಿಟ್ಟರು: “ಇನ್ನೊಬ್ರು ತಕರಾರು ತೆಗೀಲಿ, ಕೊಕ್ಕೆ ಹಲ್ಲನ್ನೆಲ್ಲ ಮೈಸೂರಿಗೇ ಅಟ್ತೀನಿ.”

ಊದಿದ ಕೆನ್ನೆ ಹಿಡಿದುಕೊಂಡು ಮೈಸೂರಿನ ಬಸ್ಸು ಹತ್ತುವುದೆಂದರೆ ಹನೂರು ಕಡೆಯ ಈ ಹಳ್ಳಿಗಳವರಿಗೆ ಹಲ್ಲುನೋವಿಗಿಂತ ದೊಡ್ಡ ನೋವು.

ಆ ‘ಇನ್ನೊಬ್ಬರು’ ಲೊಕ್ಕನಹಳ್ಳಿಯ ನನ್ನ ಸೋದರಮಾವನೇ ಆಗಬೇಕೆ! ದನದ ದಳ್ಳಾಳಿ, ಬಿಟ್ಟಿ ಸಿಕ್ಕ ಸೊಪ್ಪಿಗೂ ಚೌಕಾಸಿ ಮಾಡುವ ಮನುಷ್ಯ. ಅವರ ಹಲ್ಲೂ ಅವರಂತೆಯೇ, ಜಗ್ಗಲಿಲ್ಲ. ಡಾಕ್ಟರಮ್ಮ ಚಪ್ಪಲಿ ಬಿಟ್ಟರು, ತೋಳು ಮಡಚಿದರು, ಕುರ್ಚಿಗೆ ಮೊಣಕಾಲು ಕೊಟ್ಟರು. ಕೊನೆಗೆ ಬಂದ ಬೇರು ಮೀನಿನ ಗಾಳದಂತಿತ್ತು.

“ಈಗ ಹೇಳಿ ಯಜಮಾನ್ರೇ, ಇದು ಕಷ್ಟವೋ ಸುಲಭವೋ?”

ಬಾಯ್ತುಂಬ ಹತ್ತಿ, ಮಾವ ಮಾತಾಡುವಂತಿರಲಿಲ್ಲ. ಹೆಗಲ ಟವೆಲನ್ನು ಬಲಗೈ ಮೇಲೆ ಹಾಸಿ ಮುಂದೆ ಚಾಚಿದರು. ದನದ ಸಂತೆಯಲ್ಲಿ ದರ ಕುದುರುವುದೇ ಹಾಗೆ: ಬಟ್ಟೆಯ ಕೆಳಗೆ ಬೆರಳು ಹಿಡಿದು, ಸುತ್ತ ನಿಂತವರಿಗೆ ತಿಳಿಯದಂತೆ.

“ಮಾವ, ಇದು ಆಸ್ಪತ್ರೆ!” ಎಂದೆ.

“ಸುಮ್ನಿರಮ್ಮ. ಯಳಂದೂರಲ್ಲಿ ನಮ್ಮಪ್ಪನೂ ಎತ್ತು ಮಾರ್ದೋರೇ,” ಎಂದು ಡಾಕ್ಟರಮ್ಮ ಕೈಗವಸು ಕಿತ್ತು ಟವೆಲ್ ಕೆಳಗೆ ಕೈಯಿಟ್ಟರು.

ಟವೆಲ್ ಅಲುಗಾಡಿತು. ಡಾಕ್ಟರಮ್ಮನ ಹುಬ್ಬು ಮೇಲೇರಿತು. “ಅಯ್ಯೋ, ಜಾಸ್ತಿಯಾಯ್ತು!” ಎಂದರೆಂದು ನನ್ನ ನೆನಪು, “ಕಮ್ಮಿಯಾಯ್ತು” ಎಂದಿದ್ದರೂ ಇರಬಹುದು. ಮಾವ ತಲೆ ಅಡ್ಡಡ್ಡ ಆಡಿಸಿದರು. ಮತ್ತೆ ಬೆರಳು. ಸರದಿಗೆ ಕಾದಿದ್ದ ಅಜ್ಜಿಯೊಬ್ಬರು ಇಣುಕಿ, “ಅಲ್ಲಾ ಕಣವ್ವ, ಆ ಉಳ್ಕ್ ಹಲ್ಲ ಮಾರ್ತಾವ್ರೋ ಕೊಳ್ತಾವ್ರೋ?” ಎಂದರು. ಇಬ್ಬರೂ ನಕ್ಕರು. ಮಾವನ ಹತ್ತಿ ಆಚೆ ಬಿತ್ತು. ವ್ಯಾಪಾರ ಕುದುರಿತ್ತು.

“ಈ ಬಿಲ್ ನಾನೇ ಬರೀತೀನಿ,” ಎಂದರು ಡಾಕ್ಟರಮ್ಮ. ಅಂಕಿ ನನಗೆ ತೋರಿಸಲಿಲ್ಲ.

ಮಾರನೆಯ ದಿನದಿಂದ ಕುರ್ಚಿಯ ಪಕ್ಕ ಒಗೆದ ಟವೆಲೊಂದು ತೂಗತೊಡಗಿತು. ಬೆರಳು ಹಿಡಿದು ಒಪ್ಪಿದ ಮೇಲೆ ತಕರಾರು ತೆಗೆಯುವವರು ನಮ್ಮ ಕಡೆ ಕಡಿಮೆ. ಕೊಕ್ಕೆ ಹಲ್ಲುಗಳು ಕೊಳ್ಳೇಗಾಲದಲ್ಲೇ ಉಳಿದವು.

ಈಗ ನಾನೂ ಒಂದು ಆಸ್ಪತ್ರೆಯಲ್ಲಿ ದರ ಗೊತ್ತುಮಾಡುವವಳು. ಕಷ್ಟದ ಆಪರೇಷನ್ನಿಗೆ ಬೆಲೆ ಹಾಕುವಾಗಲೆಲ್ಲ, ಮೊದಲು ಟವೆಲ್ ಹಾಸಿ ರೋಗಿಯ ಕೈ ಹಿಡಿದು ಕೇಳಬೇಕಿತ್ತು ಅನ್ನಿಸುತ್ತದೆ. ಹೋದ ವರ್ಷ ಡಾಕ್ಟರಮ್ಮ ತೀರಿಕೊಂಡರು. ತಿಥಿಗೆ ಯಳಂದೂರಿಗೆ ಹೋಗಿದ್ದಾಗ ಎಲೆಯ ಮುಂದೆ ಮಾವ, ಹಲ್ಲಿಲ್ಲದ ಕಡೆಯನ್ನು ಬಿಟ್ಟು ಇನ್ನೊಂದು ಕಡೆಯಿಂದ ವಡೆ ಅಗಿಯುತ್ತಿದ್ದರು. ಬದುಕಿನಲ್ಲಿ ಒಮ್ಮೆಯೂ ಒಂದು ರೂಪಾಯಿ ಹೆಚ್ಚು ಕೊಟ್ಟು ಏನನ್ನೂ ಕೊಳ್ಳದ ಮನುಷ್ಯ, ಅವರಿಗೆ ಡಾಕ್ಟರಮ್ಮ ‘ಜಾಸ್ತಿಯಾಯ್ತು’ ಅಂದದ್ದೇಕೆ ಎಂಬುದು ಇನ್ನೂ ಕಾಡುತ್ತಿತ್ತು. ಕೇಳಿಯೇಬಿಟ್ಟೆ.

“ಮಾವ, ಅವತ್ತು ಟವೆಲ್ ಕೆಳ್ಗೆ ಏರಿಸ್ತಾ ಇದ್ದೋರು ಯಾರು, ಇಳಿಸ್ತಾ ಇದ್ದೋರು ಯಾರು?”